ರಂಗೂನಿನ ಗಾಯಕರಿಗೆ ಕಾರು ಕಲಿಸಿದ್ದು

ನನಗೆ ಮೊದಲು ಪರಿಚಯವಾದದ್ದು ಅವರಲ್ಲ, ಅವರ ಹೆಂಡತಿ.

ನಾನು ಡ್ರೈವಿಂಗ್ ಕಲಿಸುವವನು. ಮನೆ ಟೊರೊಂಟೊ ಪಕ್ಕದ ಪಿಕರಿಂಗಿನಲ್ಲಿ, ಕೆಲಸ ಮಾತ್ರ, ಕಲಿಯುವವರು ಎಲ್ಲಿ ಸಿಗುತ್ತಾರೋ ಅಲ್ಲಿ. ಕಾರಿನ ತಲೆಯ ಮೇಲೊಂದು ಹಳದಿ ಬೋರ್ಡು, ನಾನು ಕೂರುವ ಪಕ್ಕದ ಸೀಟಿನ ಕಾಲಬುಡದಲ್ಲಿ ನನಗೆಂದೇ ಹಾಕಿಸಿದ ಇನ್ನೊಂದು ಬ್ರೇಕು. ಇಷ್ಟೇ ನನ್ನ ಆಫೀಸು. 2016ರ ಚಳಿಗಾಲ ಮುಗಿಯುವ ಹೊತ್ತಿಗೆ ಸ್ಕಾರ್ಬರೋದ ಒಂದು ಟೌನ್‌ಹೌಸಿನಿಂದ ಫೋನು ಬಂತು. ಹೋದರೆ ಅರುವತ್ತರ ಆಸುಪಾಸಿನ ಒಬ್ಬ ಪುಟ್ಟ ಹೆಂಗಸು ಆಗಲೇ ಬಾಗಿಲಿಗೆ ಬೀಗ ಹಾಕಿಕೊಂಡು ಮೆಟ್ಟಿಲ ಮೇಲೆ ಕಾಯುತ್ತಿದ್ದರು. ಎರಡೂ ಕೆನ್ನೆಗೆ ನಮ್ಮ ಗಂಧದ ಹಾಗೆ ಕಾಣುವ ತಿಳಿಹಳದಿ ಲೇಪ. ಬರ್ಮಾದವರು, ಮಗಳು ಇಲ್ಲಿ ನರ್ಸು, ಅವಳೇ ಹಿಂದಿನ ವರ್ಷ ಗಂಡಹೆಂಡತಿ ಇಬ್ಬರನ್ನೂ ಕರೆಸಿಕೊಂಡಿದ್ದಳು.

ಆಕೆ ಕಲಿತ ವೇಗಕ್ಕೆ ನಾನೇ ಬೆರಗಾದೆ. ಒಮ್ಮೆ ಹೇಳಿದ್ದನ್ನು ಎರಡನೇ ಸಲ ಹೇಳಿಸಿಕೊಳ್ಳುತ್ತಿರಲಿಲ್ಲ. ಪಾಠದ ನಡುವೆ ಮೊಮ್ಮಗಳ ಸುದ್ದಿ, ಇಲ್ಲಿ ಸಿಗದ ಮೀನಿನ ಸುದ್ದಿ ಎಲ್ಲ ಬರುತ್ತಿತ್ತು. ಗಂಡ ಏನು ಮಾಡುತ್ತಿದ್ದರು ಎಂದು ಕೇಳಿದಾಗ ಮಾತ್ರ "ಹಾಡುತ್ತಿದ್ದರು" ಎಂದು ಒಂದೇ ಮಾತಿನಲ್ಲಿ ಮುಗಿಸಿದ್ದರು. ನಾನೂ ಹೆಚ್ಚು ಕೆದಕಲಿಲ್ಲ. ಈ ಊರಿನಲ್ಲಿ ನನ್ನ ಕಾರು ಹತ್ತಿದವರಲ್ಲಿ ಹಿಂದೆ ಏನೋ ಒಂದು ಆಗಿರದವರು ಕಡಿಮೆ.

ಆಕೆ ಮೊದಲ ಯತ್ನದಲ್ಲೇ ಪಾಸಾದರು. ಕೆಲವು ತಿಂಗಳ ನಂತರ ಮತ್ತೆ ಫೋನು. ಈಗ ಗಂಡನಿಗೂ ಕಲಿಸಬೇಕಂತೆ. ತಾನು ಕಾರು ಓಡಿಸುವಾಗ ಪಕ್ಕದಲ್ಲಿ ಕೂತು ಡ್ಯಾಶ್‌ಬೋರ್ಡಿನ ಮೇಲೆ ತಾಳ ಹಾಕುತ್ತಾರೆ, ಸಿಗ್ನಲ್ಲಿನ ಟಿಕ್ ಟಿಕ್ ಸದ್ದಿಗೂ ತಲೆ ಕುಣಿಸುತ್ತಾರೆ, ಸಹಿಸಲು ಆಗುತ್ತಿಲ್ಲ, ಸ್ಟಿಯರಿಂಗು ಕೊಟ್ಟರೆ ಕೈಯಾದರೂ ಒಂದು ಕಡೆ ನಿಂತೀತು ಎಂದು ಆಕೆಯ ವಾದ.

ಮೊದಲ ದಿನ ಅವರು ಮನೆಯಿಂದ ಹೊರಬಂದದ್ದು ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಮೇಲೆ ಕಪ್ಪು ಲೆದರ್ ಜಾಕೆಟ್, ಕೆಳಗೆ ಇಸ್ತ್ರಿ ಮಾಡಿದ ಚೌಕಳಿ ಲುಂಗಿ, ಬೆನ್ನಿನ ಮೇಲೆ ರಬ್ಬರ್‌ಬ್ಯಾಂಡ್ ಹಾಕಿ ಕಟ್ಟಿದ ನರೆತ ಜುಟ್ಟು. ಸೀದಾ ಬಂದವರೇ ಹಿಂದಿನ ಬಾಗಿಲು ತೆರೆದು, ಹಿಂದಿನ ಸೀಟಿನಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತು, ಹೋಗೋಣ ಎನ್ನುವಂತೆ ನನ್ನತ್ತ ತಲೆಯಾಡಿಸಿದರು. ಡ್ರೈವರ್ ಸೀಟು ಮುಂದಿದೆ, ಅದು ನಿಮ್ಮದು ಎಂದು ನಾನು ವಿನಯದಿಂದ ತಿಳಿಸಿದೆ. ಜೀವನವಿಡೀ ಕಾರಿನಲ್ಲಿ ಹಿಂದೆಯೇ ಕೂತು ರೂಢಿ, ಕ್ಷಮಿಸಿ ಎಂದು ನಗುತ್ತ ಇಳಿದರು. ಆಮೇಲೆ ಲುಂಗಿ ಪೆಡಲ್ಲಿಗೆ ಸಿಕ್ಕಿಕೊಳ್ಳುತ್ತದೆಂದು ನಾನು ಹೇಳಿದ ಮೇಲೆ ಒಳಗೆ ಹೋಗಿ ಜೀನ್ಸ್ ಹಾಕಿಕೊಂಡು ಬಂದರು. ಮೊದಲ ಪಾಠದ ಅರ್ಧ ಹೊತ್ತು ಇದರಲ್ಲೇ ಹೋಯಿತು.

ಅವರು ಯಾರು ಎಂಬುದು ಗೊತ್ತಾದದ್ದು ಒಂದು ಪ್ಲಾಜಾದ ಪಾರ್ಕಿಂಗ್ ಲಾಟಿನಲ್ಲಿ. ಹಿಮ್ಮುಖವಾಗಿ ಕಾರು ನಿಲ್ಲಿಸುವುದನ್ನು ಕಲಿಸುತ್ತಿದ್ದೆ. ಅಲ್ಲೊಂದು ಏಷ್ಯನ್ ದಿನಸಿ ಅಂಗಡಿ. ಅದರ ಮಾಲೀಕ ಕೈಯಲ್ಲಿ ಸೊಪ್ಪಿನ ಕಟ್ಟು ಹಿಡಿದುಕೊಂಡೇ ಹೊರಗೆ ಓಡಿಬಂದು, ನಮ್ಮ ಕಾರಿನ ಹಿಂದೆಯೇ ನಿಂತುಬಿಟ್ಟ. ನಾನು ನನ್ನ ಬ್ರೇಕನ್ನು ಗಟ್ಟಿಯಾಗಿ ತುಳಿದೆ. ಆತ ಕಿಟಕಿಯ ಹತ್ತಿರ ಬಂದು ಎರಡೂ ಕೈಯಲ್ಲಿ ಅವರ ಕೈ ಹಿಡಿದುಕೊಂಡು ಏನೇನೋ ಹೇಳಿದ. ಕಣ್ಣಲ್ಲಿ ನೀರು ತುಂಬಿತ್ತು. ಮಾತಿಗೊಮ್ಮೆ "ಸಯಾ, ಸಯಾ" ಎನ್ನುತ್ತಿದ್ದ. ಅವರ ಭಾಷೆಯಲ್ಲಿ ಗುರುಗಳೇ ಎಂದರ್ಥವಂತೆ. ಆತ ಹೋದ ಮೇಲೆ ಇವರು ಸ್ವಲ್ಪ ಸಂಕೋಚದಿಂದ, "ಅಲ್ಲಿ ನಾನು ಸ್ವಲ್ಪ ಫೇಮಸ್ ಇದ್ದೆ" ಎಂದರು. ಆವತ್ತಿನಿಂದ ನಾನೂ ಸಯಾ ಎಂದೇ ಕರೆದೆ. ಅವರು ನನ್ನನ್ನು ಟೀಚರ್ ಎನ್ನುತ್ತಿದ್ದರು. ಇಬ್ಬರಿಗೂ ಇಂಗ್ಲಿಷು ಅಷ್ಟಕ್ಕಷ್ಟೇ, ಆದರೆ ಇಬ್ಬರ ತಪ್ಪುಗಳೂ ಒಂದೇ ಜಾತಿಯವು, ಹಾಗಾಗಿ ಮಾತಿಗೆ ತೊಂದರೆಯಾಗಲಿಲ್ಲ.

ಮನೆಗೆ ಹೋಗಿ ಕಂಪ್ಯೂಟರಿನಲ್ಲಿ ಹುಡುಕಿದೆ. ಮಸುಕಾದ ಒಂದು ಹಳೆ ವೀಡಿಯೊ ಸಿಕ್ಕಿತು. ಬಯಲು ರಂಗ, ಕಣ್ಣು ಹಾಯುವಷ್ಟು ದೂರ ಜನ, ನಡುವೆ ಇದೇ ಮನುಷ್ಯ, ಜುಟ್ಟು ಮಾತ್ರ ಕಪ್ಪು. ಎಲೆಕ್ಟ್ರಿಕ್ ಗಿಟಾರು ಹೊಟ್ಟೆಗಿಂತ ಕೆಳಗೆ ತೂಗುಬಿಟ್ಟುಕೊಂಡು ಕಿರುಚುತ್ತಿದ್ದರು, ಜನ ಅವರಿಗಿಂತ ಜೋರಾಗಿ ಕಿರುಚುತ್ತಿದ್ದರು. ಅಡುಗೆಮನೆಯಿಂದ ನನ್ನ ಹೆಂಡತಿ ಕೈ ಒರೆಸಿಕೊಳ್ಳುತ್ತ ಬಂದಳು. ಅವಳು ಧಾರವಾಡದವಳು.

"ಇವ್ರಿಗೆ ನೀವು ಪಾರ್ಕಿಂಗ್ ಕಲಸಾಕತ್ತೀರಿ?"

"ಹೌದು."

"ಹಂಗಾರ ಬೈಬ್ಯಾಡ್ರಿ ಮತ್ತ."

ಮಗಳು ಸೋಫಾದಿಂದಲೇ ಕತ್ತು ಚಾಚಿ, ವೀಡಿಯೊ ನೋಡಿದವರ ಸಂಖ್ಯೆ ಓದಿ, ಅಪ್ಪಾ, ಹೀ ಈಸ್ ಆಕ್ಚುಲಿ ಫೇಮಸ್ ಎಂದಳು. ನನ್ನ ಕೆಲಸದ ಬಗ್ಗೆ ಅವಳು ಆಸಕ್ತಿ ತೋರಿಸಿದ್ದು ಅದೇ ಮೊದಲು.

ಆಮೇಲಿನ ಪಾಠಗಳಲ್ಲಿ ಅವರ ಜೀವನ ತುಂಡುತುಂಡಾಗಿ ನನಗೆ ಸಿಕ್ಕಿತು, ಕೆಂಪು ದೀಪಕ್ಕೊಂದು ತುಂಡು. ಹಸಿರು ಬಂದರೆ ಅರ್ಧಕ್ಕೆ ನಿಲ್ಲುತ್ತಿತ್ತು. ಹಸಿರು ಬಂದರೂ ಅವರು ಕಥೆ ಮುಗಿಸಲು ನೋಡುತ್ತಿದ್ದರು, ಹಿಂದಿನವರು ಹಾರ್ನ್ ಹೊಡೆಯುತ್ತಿದ್ದರು.

ಅವರ ಊರು ಐರಾವತಿ ನದಿ ಸಮುದ್ರ ಸೇರುವ ಕಡೆ. ತಂದೆ ಪೋಸ್ಟ್‌ಮಾಸ್ಟರು. ಮನೆಯಲ್ಲಿದ್ದ ರೇಡಿಯೊ ಗೊರಗೊರ ಎನ್ನುತ್ತಲೇ ದೂರದ ಸ್ಟೇಷನ್ನುಗಳ ಇಂಗ್ಲಿಷ್ ಹಾಡು ಹಿಡಿದುಕೊಡುತ್ತಿತ್ತು. ದೋಣಿ ಮಾಡುವ ಬಡಗಿಯೊಬ್ಬನನ್ನು ಕಾಡಿಬೇಡಿ ಗಿಟಾರು ಮಾಡಿಸಿಕೊಂಡರಂತೆ. ಆತ ಗಿಟಾರನ್ನು ನೋಡಿರಲಿಲ್ಲ, ಇವರು ಬರೆದುಕೊಟ್ಟ ಚಿತ್ರ ನೋಡಿ ಮಾಡಿದ. ನೀರಿಗೆ ಬಿಟ್ಟರೆ ತೇಲುವಷ್ಟು ಗಟ್ಟಿಯಾಗಿತ್ತು, ಹೊತ್ತರೆ ಭುಜ ನೋಯುತ್ತಿತ್ತು. ತಂತಿಗೆ ಸೈಕಲ್ಲಿನ ಬ್ರೇಕ್ ವೈರಿನ ಎಳೆ ಬಿಚ್ಚಿ ಕಟ್ಟಿದರು. ಆ ಸೈಕಲ್ಲು ತಂದೆಯದು. ಮರುದಿನ ತಂದೆ ಟಪಾಲು ಚೀಲದ ಸಮೇತ ಕೆರೆಯ ಏರಿಯಿಂದ ಇಳಿದವರು ನಿಲ್ಲಲಾಗದೆ ಕಮಲದ ನಡುವೆ ಹೋಗಿ ನಿಂತರು. ಇದನ್ನು ಅವರು ಹೇಳಿದ್ದು ಯೂನಿಯನ್‌ವಿಲ್ಲಿನ ಮುಖ್ಯ ಬೀದಿಯಲ್ಲಿ, ಐಸ್‌ಕ್ರೀಮು ಹಿಡಿದ ಜನ ರಸ್ತೆ ದಾಟುವುದನ್ನು ಕಾಯುತ್ತ. ನನಗೆ ನಗು ತಡೆಯಲಾಗಲಿಲ್ಲ. ದಾಟುವವರು ತಮ್ಮನ್ನು ನೋಡಿ ನಗುತ್ತಿದ್ದೇನೆಂದು ತಿಳಿದು ವಾಪಸು ನಕ್ಕು ಹೋದರು.

ಕಾಲೇಜಿಗೆಂದು ರಂಗೂನಿಗೆ ಹೋದವರು ಕೆಮಿಸ್ಟ್ರಿ ಕಲಿಯುವುದರ ಬದಲು ಹಾಸ್ಟೆಲ್ಲಿನಲ್ಲಿ ಹಾಡಿದರು. ಸ್ಟುಡಿಯೊದವರು ಕರೆದರು. ಆಗ ಅಲ್ಲಿ ನಡೆಯುತ್ತಿದ್ದುದು ಹೊರಗಿನ ರಾಗಕ್ಕೆ ಬರ್ಮೀಸ್ ಮಾತು ಹಾಕಿ ಹಾಡುವ ಪದ್ಧತಿ. ಹಡಗಿನಲ್ಲಿ ಕೆಲಸ ಮಾಡುವವರು ಪರದೇಶದಿಂದ ಕ್ಯಾಸೆಟ್ಟು ತಂದುಕೊಡುತ್ತಿದ್ದರು. ಇಂಗ್ಲಿಷ್ ಮಾತು ಪೂರ್ತಿ ತಿಳಿಯುತ್ತಿರಲಿಲ್ಲ, ಹಾಗಾಗಿ ರಾಗ ಏನು ಹೇಳುತ್ತಿದೆ ಅನ್ನಿಸುತ್ತದೋ ಅದನ್ನೇ ಬರೆಯುತ್ತಿದ್ದರು.

ಇದರ ಪರಿಣಾಮ ನನ್ನ ಕಾರಿನಲ್ಲೇ ಆಯಿತು. ಹಳೆಯ ಹಾಡು ಹಾಕುವ ಸ್ಟೇಷನ್ನು ಮೆಲ್ಲಗೆ ಹಚ್ಚಿಟ್ಟಿದ್ದೆ. ಇಲ್ಲಿ ವಾಹನಗಳೆಲ್ಲ ಬಲಬದಿಗೆ ಓಡುತ್ತವೆ, ದೊಡ್ಡ ಕೂಡುರಸ್ತೆಯಲ್ಲಿ ಎದುರಿನವರು ದಾಟುವುದನ್ನು ಕಾದು ಎಡಕ್ಕೆ ತಿರುಗಲು ಅವರು ನಡುವೆ ನಿಂತಿದ್ದಾಗ ಒಂದು ಹಾಡು ಶುರುವಾಯಿತು. "ಇದು ನನ್ನ ಹಾಡು" ಎಂದವರೇ ಪೂರ್ತಿ ಗಂಟಲಿನಲ್ಲಿ ಬರ್ಮೀಸಿನಲ್ಲಿ ಹಾಡತೊಡಗಿದರು. ತಿರುವು ಮುಗಿಯಿತು, ಹಾಡು ಮುಗಿಯಲಿಲ್ಲ. ಬದಿಗೆ ನಿಲ್ಲಿಸಿದ ಮೇಲೆ ಆ ಹಾಡು ಏನು ಹೇಳುತ್ತದೆ ಎಂದು ನನ್ನನ್ನು ಕೇಳಿದರು. ಮೋಟರ್‌ಬೈಕು, ವೇಗ, ಅಷ್ಟೇ, ಬೇರೇನೂ ಇಲ್ಲ ಎಂದೆ. ಅವರ ಬರ್ಮೀಸ್ ಹಾಡಿನಲ್ಲಿ ತಾಯಿಯೊಬ್ಬಳು ದೋಣಿಕಟ್ಟೆಯ ಮೇಲೆ ಮಗನಿಗಾಗಿ ಕಾಯುತ್ತಾಳಂತೆ, ಆ ಹಾಡು ಕೇಳಿ ಇಡೀ ದೇಶ ಅತ್ತಿತ್ತಂತೆ. "ನಮ್ಮದೇ ಚೆನ್ನಾಗಿದೆ" ಎಂದು ಕೊನೆಗೆ ತೀರ್ಮಾನ ಕೊಟ್ಟು ಕಾರು ಮುಂದಕ್ಕೆ ಬಿಟ್ಟರು. ಅಲ್ಲಿಂದಾಚೆ ಪಾಠದ ಹೊತ್ತಿನಲ್ಲಿ ರೇಡಿಯೊ ಬಂದ್ ಮಾಡಿದೆ.

ನನಗೆ ಅವರ ಕಥೆ ಹತ್ತಿರವಾಗಲು ಕಾರಣವಿತ್ತು. ನಾನು ಬೆಳಗಾವಿಯವನು. ಮದುವೆಯಾಗುವ ಮುಂಚೆ ಅಲ್ಲೊಂದು ಆರ್ಕೆಸ್ಟ್ರಾದಲ್ಲಿ ಅಂಗೈಯಲ್ಲಿ ಬಡಿಯುವ ಉದ್ದನೆಯ ಜೋಡಿ ಡೋಲು, ಕಾಂಗೊ, ಬಾರಿಸುತ್ತಿದ್ದೆ. ಗಣಪತಿ ಹಬ್ಬದ ಪೆಂಡಾಲು, ಮದುವೆಯ ರಿಸೆಪ್ಷನ್ನು, ಸಕ್ಕರೆ ಕಾರ್ಖಾನೆಯ ವಾರ್ಷಿಕೋತ್ಸವ, ಎಲ್ಲಿ ಕರೆದರೂ ಹೋಗುತ್ತಿದ್ದೆವು. ಕನ್ನಡ, ಮರಾಠಿ, ಹಿಂದಿ ಸಿನಿಮಾ ಹಾಡು, ಎಲ್ಲ ಬೇರೆಯವರದೇ. ಆದರೂ ಮುಂದಿನ ಸಾಲಿನಲ್ಲಿ ಯಾರಾದರೂ ಎದ್ದು ಕುಣಿದರೆ ಹಾಡು ನಮ್ಮದೇ ಅನ್ನಿಸುತ್ತಿತ್ತು. ಇದನ್ನು ಹೇಳಿದಾಗ ಸಯಾ ಕೆಂಪು ದೀಪದಲ್ಲಿ ಸ್ಟಿಯರಿಂಗ್ ಬಿಟ್ಟು ನನ್ನ ಕೈ ಕುಲುಕಿದರು. ಸ್ಟಿಯರಿಂಗ್ ಬಿಟ್ಟದ್ದಕ್ಕೆ ನಾನು ಬೈದೆ, ಹೆಂಡತಿಯ ಮಾತು ಮೀರಿ.

ಆಮೇಲಾಮೇಲೆ ಅವರು ಸ್ವಂತ ರಾಗದ ಹಾಡು ಬರೆದರು. ಅದು ಸುಲಭವಾಗಿರಲಿಲ್ಲ. ಆಗ ಮಿಲಿಟರಿಯವರ ಆಡಳಿತ. ಕ್ಯಾಸೆಟ್ಟು ಹೊರಬರುವ ಮುಂಚೆ ಪ್ರತಿ ಹಾಡಿನ ಸಾಹಿತ್ಯವೂ ಒಂದು ಬೋರ್ಡಿಗೆ ಹೋಗಬೇಕು. ಅವರು ಒಪ್ಪಿದರೆ ಉಂಟು, ಇಲ್ಲವಾದರೆ ಇಲ್ಲ. ಟೀವಿಯಲ್ಲಿ ಹಾಡಬೇಕಾದರೆ ಉದ್ದ ಕೂದಲು ಕಾಣಬಾರದು, ಜುಟ್ಟನ್ನು ಅಂಗಿಯ ಕಾಲರಿನೊಳಗೆ ತುರುಕಿಕೊಂಡು ಕತ್ತು ತಿರುಗಿಸದೆ ಹಾಡುತ್ತಿದ್ದರಂತೆ. ಅದನ್ನು ಸ್ಟಿಯರಿಂಗ್ ಹಿಂದೆ ಕೂತು ಮಾಡಿ ತೋರಿಸಿದರು. ನಾನು ಕನ್ನಡಿಗೆ ಕಾಣದ ಬ್ಲೈಂಡ್ ಸ್ಪಾಟ್ ನೋಡಲು ಕತ್ತು ತಿರುಗಿಸಿ ಎಂದು ಎಷ್ಟು ಹೇಳಿದರೂ ಯಾಕೆ ತಿರುಗಿಸುತ್ತಿರಲಿಲ್ಲ ಎಂಬುದು ನನಗೆ ಆಗ ಹೊಳೆಯಿತು.

ಬೋರ್ಡು ಒಪ್ಪದೇ ಹೋದ ಹಾಡೊಂದಿತ್ತು. ಪೂರಾ ಪ್ರೇಮಗೀತೆ. ರಂಗೂನಿನಲ್ಲಿ ಆಗ ದಿನವೂ ಕರೆಂಟು ಹೋಗುತ್ತಿತ್ತು. ಹುಡುಗಿಯ ಮನೆಗೆ ಟೀ ಕುಡಿಯಲು ಹೋದ ಹುಡುಗ, ಸುತ್ತ ಅವಳ ಮನೆಯವರೆಲ್ಲ ಕೂತಿದ್ದಾರೆ, ಅವಳ ಕೈ ಮುಟ್ಟುವುದು ಹೇಗೆ? ಅಷ್ಟರಲ್ಲಿ ಕರೆಂಟು ಹೋಗುತ್ತದೆ. ದೇವರೇ, ಇನ್ನು ಸ್ವಲ್ಪ ಹೊತ್ತು ಬರದಿರಲಿ ಎಂದು ಹುಡುಗ ಬೇಡಿಕೊಳ್ಳುತ್ತಾನೆ. ಇಷ್ಟೇ ಹಾಡು. ಹುಡುಗ ಅವರೇ, ಹುಡುಗಿ ನನ್ನ ಹಿಂದಿನ ಶಿಷ್ಯೆ. ಬೋರ್ಡಿನವರು ಇದು ವಿದ್ಯುತ್ ಇಲಾಖೆಯ ಟೀಕೆ ಎಂದು ಬರೆದು ವಾಪಸು ಕಳಿಸಿದರು.

ಹಾಡು ಕ್ಯಾಸೆಟ್ಟಿಗೆ ಬರಲಿಲ್ಲ. ಆದರೆ ಗೆಳೆಯರ ಮುಂದೆ ಹಾಡಿದ್ದು ಹಾಸ್ಟೆಲ್ಲಿನಿಂದ ಹಾಸ್ಟೆಲ್ಲಿಗೆ, ಟೀ ಅಂಗಡಿಯಿಂದ ಟೀ ಅಂಗಡಿಗೆ ಬಾಯಿಂದ ಬಾಯಿಗೆ ಹೋಯಿತು. ಆಮೇಲೆ ದೊಡ್ಡ ಕಾರ್ಯಕ್ರಮಗಳಲ್ಲಿ ಅವರು ಗಿಟಾರಿನ ಮೇಲೆ ಆ ರಾಗ ಮಾತ್ರ ನುಡಿಸಿ ಬಾಯಿ ಮುಚ್ಚಿಕೊಂಡು ನಿಲ್ಲುತ್ತಿದ್ದರು. ಹಾಡುವವರು ಜನ, ಅಷ್ಟೂ ಜನ. ಅಧಿಕಾರಿಗಳು ಕರೆಸಿ ಕೇಳಿದಾಗ, ನಾನು ಒಂದಕ್ಷರವನ್ನೂ ಹಾಡಿಲ್ಲ ಸ್ವಾಮಿ ಎಂದರಂತೆ. ಅದು ಸುಳ್ಳೂ ಆಗಿರಲಿಲ್ಲ. ಬೋರ್ಡು ರದ್ದಾಗುವ ಹೊತ್ತಿಗೆ ಅವರ ಬ್ಯಾಂಡಿನವರು ಚದುರಿ ಹೋಗಿದ್ದರು, ಕ್ಯಾಸೆಟ್ಟಿನ ಕಾಲವೂ ಮುಗಿದಿತ್ತು. ಡ್ರಮ್ಮರ್ ಥಾಯ್ಲೆಂಡಿನ ಗಡಿ ದಾಟಿ, ವರ್ಷಗಟ್ಟಲೆ ಕ್ಯಾಂಪಿನಲ್ಲಿದ್ದು, ಕೊನೆಗೆ ನಮ್ಮ ಟೊರೊಂಟೊದಿಂದ ಪಶ್ಚಿಮಕ್ಕಿರುವ ಕಿಚನರ್ ಸೇರಿದ್ದ. ಸಯಾ ಡ್ರೈವಿಂಗ್ ಕಲಿಯಲು ಒಪ್ಪಿದ್ದೇ ಅವನ ಮನೆಗೆ ಹೋಗಿಬರಲು ಎಂದು ಒಂದು ದಿನ ಬಾಯಿಬಿಟ್ಟರು.

2017ರ ಬೇಸಿಗೆಯಲ್ಲಿ ಅವರ ರೋಡ್ ಟೆಸ್ಟು. ನಾನು ಸೆಂಟರಿನ ಹೊರಗೆ ಬೆಂಚಿನ ಮೇಲೆ ಕಾಯುತ್ತಿದ್ದೆ. ಕಾರು ವಾಪಸು ಬಂತು. ಎಕ್ಸಾಮಿನರ್ ಹೆಂಗಸು ತುಟಿ ಬಿಗಿದುಕೊಂಡು ಇಳಿದಳು. ಸಯಾ ಮಾತ್ರ ಮುಖ ಅರಳಿಸಿಕೊಂಡು ಬಂದರು.

"ಪಾಸಾದಿರಾ?"

"ಇಲ್ಲ. ಆದರೆ ಆಕೆಗೆ ನನ್ನ ಎರಡನೇ ಕ್ಯಾಸೆಟ್ಟು ಪೂರ್ತಿ ಬಾಯಿಪಾಠ."

ಎಕ್ಸಾಮಿನರಿಗೆ ಬರ್ಮೀಸ್ ಹಾಡು ಹೇಗೆ ಗೊತ್ತು ಎಂದು ನಾನು ಕಂಗಾಲಾದೆ. ಆಮೇಲೆ ತಿಳಿಯಿತು, ಆಕೆ ಎಂದರೆ ರಸ್ತೆ ದಾಟುತ್ತಿದ್ದ ಒಬ್ಬ ಬರ್ಮೀಸ್ ಹೆಂಗಸು. ಕ್ರಾಸಿಂಗಿನಲ್ಲಿ ಸಯಾ ಸರಿಯಾಗಿಯೇ ನಿಲ್ಲಿಸಿದ್ದರು. ಆಕೆ ಗುರುತು ಹಿಡಿದು ರಸ್ತೆಯ ಮಧ್ಯದಲ್ಲೇ ತಲೆಬಾಗಿ ಕೈಮುಗಿದಳು. ಇವರು ಎರಡೂ ಕೈ ಸ್ಟಿಯರಿಂಗಿನಿಂದ ತೆಗೆದು ವಾಪಸು ಕೈಮುಗಿದರು. ಕಾರು ಮೆಲ್ಲಗೆ ಮುಂದೆ ಉರುಳಿತು. ಎಕ್ಸಾಮಿನರ್ ಕೂಗಿದ ಮೇಲೆ ಬ್ರೇಕು ಹಾಕಿದರು, ಆಮೇಲೆ ಕಿಟಕಿ ಇಳಿಸಿ ಕ್ಷೇಮಸಮಾಚಾರವನ್ನೂ ಕೇಳಿದರು. ಮನೆಗೆ ಬಿಡಲು ಹೋದಾಗ ಅವರ ಹೆಂಡತಿ ಇದನ್ನೆಲ್ಲ ಕೇಳಿಸಿಕೊಂಡು, ಯಾವ ಕ್ಯಾಸೆಟ್ಟು ಎಂದು ಮಾತ್ರ ವಿಚಾರಿಸಿದರು.

ಮುಂದಿನ ಟೆಸ್ಟಿಗೆ ಆಕೆಯೇ ತಯಾರಿ ಮಾಡಿದರು. ಜುಟ್ಟನ್ನು ಬೇಸ್‌ಬಾಲ್ ಟೋಪಿಯೊಳಗೆ ಮಡಚಿಟ್ಟು, ಜಾಕೆಟ್ಟು ಬಿಚ್ಚಿಸಿ, ಅಳಿಯನ ಬೂದುಬಣ್ಣದ ಸ್ವೆಟರು ತೊಡಿಸಿ ಕಳಿಸಿದರು. ಯಾವುದೋ ಆಫೀಸಿನಿಂದ ನಿವೃತ್ತರಾದ ಗುಮಾಸ್ತರ ಹಾಗೆ ಕಂಡರು. ಯಾರೂ ಗುರುತು ಹಿಡಿಯಲಿಲ್ಲ. ಪಾಸಾದರು. ಗುರುತು ಹಿಡಿಯಲಿಲ್ಲವೆಂಬ ಬೇಸರ ಮುಖದಲ್ಲಿ ಸ್ವಲ್ಪ ಇತ್ತು.

ಪಾಠ ಮುಗಿದರೂ ಹೋಗಿಬರುವುದು ನಿಲ್ಲಲಿಲ್ಲ. ಆ ಚಳಿಗಾಲದಲ್ಲಿ ಬರ್ಮೀಸ್ ವಿದ್ಯಾರ್ಥಿಗಳು ಕೆಲವರು ಅವರನ್ನು ಹುಡುಕಿಕೊಂಡು ಬಂದರು. ಏಪ್ರಿಲ್‌ನಲ್ಲಿ ಅವರ ಹೊಸವರ್ಷ, ಒಬ್ಬರಿಗೊಬ್ಬರು ನೀರೆರಚುವ ಹಬ್ಬ. ಸಮುದಾಯ ಭವನದ ಹಾಲು ಬಾಡಿಗೆಗೆ ಹಿಡಿದಿದ್ದೇವೆ, ನೀವು ಹಾಡಬೇಕು ಎಂದು ದುಂಬಾಲು ಬಿದ್ದರು. ಅವರು ಬಹಳ ದಿನ ಒಪ್ಪಲಿಲ್ಲ. ಗಂಟಲು ಹೋಗಿದೆ, ಈಗಿನ ಹುಡುಗರು ನಗುತ್ತಾರೆ ಎನ್ನುತ್ತಿದ್ದರು. ಕೊನೆಗೆ ಹೆಂಡತಿ, ನೀವು ಹಾಡದಿದ್ದರೆ ನಾನು ಹಾಡುತ್ತೇನೆ ಎಂದು ಹೆದರಿಸಿದ ಮೇಲೆ ದಾರಿಗೆ ಬಂದರು.

ಒಂದು ಚರ್ಚಿನ ಬೇಸ್‌ಮೆಂಟಿನಲ್ಲಿ ಭಾನುವಾರ ಮಧ್ಯಾಹ್ನ ಪ್ರಾಕ್ಟೀಸು. ಇಬ್ಬರು ವಿದ್ಯಾರ್ಥಿಗಳು ಗಿಟಾರು ಮತ್ತು ಕೀಬೋರ್ಡಿಗೆ, ಕಿಚನರ್‌ನಿಂದ ಆ ಹಳೆಯ ಡ್ರಮ್ಮರ್. ಮೊದಲ ದಿನ ಆತನನ್ನು ಬಸ್ ಸ್ಟ್ಯಾಂಡಿನಿಂದ ಕರೆತಂದದ್ದು ಸಯಾ ಅವರೇ, ತಾವೇ ಕಾರು ಓಡಿಸಿಕೊಂಡು. ಇಬ್ಬರೂ ಮೆಟ್ಟಿಲಿಳಿದು ಬರುವಾಗ ಒಂದೇ ಸಮನೆ ಜಗಳವಾಡುತ್ತಿದ್ದರು. ಮೂವತ್ತು ವರ್ಷದ ಹಿಂದಿನ ಯಾವುದೋ ಹಾಡನ್ನು ಯಾರು ಬೇಗ ಮುಗಿಸಿದರು ಎಂಬ ಬಗ್ಗೆ. ನಾನು ಮೂಲೆಯಲ್ಲಿ ಪ್ಲಾಸ್ಟಿಕ್ ಡಬ್ಬವೊಂದನ್ನು ಬೋರಲು ಹಾಕಿಕೊಂಡು ತಾಳ ಹಾಕುತ್ತಿದ್ದೆ. ಡ್ರಮ್ಮರ್ ಒಮ್ಮೆ ತಿರುಗಿ ನೋಡಿ, ಮುಂದಿನ ವಾರ ಸರಿಯಾದ ವಾದ್ಯ ತಗೊಂಡು ಬಾ ಎಂದ. ನಾನು ಕೆಲವು ವರ್ಷದ ಹಿಂದೆ ಸೆಕೆಂಡ್‌ಹ್ಯಾಂಡಿನಲ್ಲಿ ಕೊಂಡ ಜೋಡಿ ಕಾಂಗೊ ಮನೆಯಲ್ಲಿತ್ತು. ಅದರ ಮೇಲೆ ಒಣಗಿದ ಬಟ್ಟೆಯ ರಾಶಿ ಇರುತ್ತಿತ್ತು. ಬಟ್ಟೆ ಇಳಿಸಿ, ಒರೆಸಿ ತೆಗೆದುಕೊಂಡು ಹೋದೆ.

ಹಬ್ಬದ ದಿನ ಬೆಳಿಗ್ಗೆಯಿಂದ ಐಸ್ ಮಳೆ. ಏಪ್ರಿಲ್ ನಡುಭಾಗ, ಎಲ್ಲರೂ ಚಳಿಗಾಲದ ಬೂಟು ಒಳಗಿಟ್ಟಾಗಿತ್ತು. ಮರದ ಕೊಂಬೆ, ತಂತಿ, ಕಾರಿನ ಬಾಗಿಲು ಎಲ್ಲದರ ಮೇಲೂ ಗಾಜಿನ ಪದರ. ಹೈವೇಯಲ್ಲಿ ಲಾರಿಗಳು ಅಡ್ಡಡ್ಡ ನಿಂತಿದ್ದವು. ಕಿಚನರ್‌ನಿಂದ ಹೊರಟ ಡ್ರಮ್ಮರ್ ಅರ್ಧ ದಾರಿಯಿಂದ ವಾಪಸು ಹೋದನೆಂದು ಸಯಾ ಫೋನ್ ಮಾಡಿದರು. ಆಮೇಲೆ, "ಟೀಚರ್, ಇವತ್ತು ಎಲ್ಲ ಹಾಡಿಗೂ ನೀವೇ" ಎಂದರು.

ಸ್ಟೇಜು ಹತ್ತಿ ಎಷ್ಟು ಕಾಲವಾಗಿತ್ತು. ಹೆಂಡತಿ ಕಿಟಕಿಯ ಹೊರಗೆ ನೋಡಿ, "ಈ ಐಸ್ ಮಳಿಯೊಳಗ ನೀರು ಉಗ್ಗೂ ಹಬ್ಬ ಏನ್ರಿ" ಎಂದಳು. ಆದರೂ ಮಗಳನ್ನು ಎಬ್ಬಿಸಿ, ಬೂಟು ಹುಡುಕಿ, ಎಲ್ಲರಿಗಿಂತ ಮುಂಚೆ ಕಾರಿನಲ್ಲಿ ಕೂತವಳು ಅವಳೇ. ಒಳರಸ್ತೆಯಲ್ಲೇ ತೆವಳಿಕೊಂಡು ಹೋಗಿ ಸಯಾ ದಂಪತಿಯನ್ನು ಹತ್ತಿಸಿಕೊಂಡೆವು. ದಾರಿಯುದ್ದಕ್ಕೂ ಅವರು ಪಕ್ಕದಲ್ಲಿ ಕೂತು ನನಗೆ ಪಾಠ ಹೇಳಿದರು. ಬ್ರೇಕ್ ಮೆಲ್ಲಗೆ, ಮಿರರ್ ನೋಡಿ, ಮುಂದಿನ ಕಾರಿನಿಂದ ದೂರ ಇರಿ. ಎಲ್ಲ ನನ್ನದೇ ಮಾತು, ನನ್ನದೇ ಧಾಟಿಯಲ್ಲಿ. ಹಿಂದಿನ ಸೀಟಿನಲ್ಲಿದ್ದ ನಮ್ಮಿಬ್ಬರ ಹೆಂಡತಿಯರಿಗೆ ನಗಲು ಇಷ್ಟು ಸಾಕಾಯಿತು.

ಹಾಲಿನಲ್ಲಿ ನಿರೀಕ್ಷಿಸಿದ ಜನರಲ್ಲಿ ಅರ್ಧದಷ್ಟು ಬಂದಿದ್ದರು. ಮೀನಿನ ಸಾರಿನಲ್ಲಿ ಶಾವಿಗೆ ಹಾಕಿದ ತಿಂಡಿಯ ಘಮ ತುಂಬಿತ್ತು. ಹುಡುಗಿಯರು ಬೆಳ್ಳಿ ಬಟ್ಟಲಿನ ನೀರಿನಲ್ಲಿ ಎಲೆಯ ಕೊನೆ ಅದ್ದಿ ಬಂದವರ ಭುಜಕ್ಕೆ ಚಿಮುಕಿಸುತ್ತಿದ್ದರು. ಸಯಾ ಲೆದರ್ ಜಾಕೆಟ್ಟು, ಲುಂಗಿ ತೊಟ್ಟು ಸ್ಟೇಜು ಹತ್ತಿದರು. ಆವತ್ತು ಪೆಡಲ್ಲಿನ ಕಾಟವಿರಲಿಲ್ಲವಲ್ಲ. ಮೊದಲ ಹಾಡಿನಲ್ಲಿ ಧ್ವನಿ ಸ್ವಲ್ಪ ಬಿರುಕು ಬಿಟ್ಟಿತು. ಎರಡನೆಯದಕ್ಕೆ ಸರಿಯಾಯಿತು. ದೋಣಿಕಟ್ಟೆಯ ತಾಯಿಯ ಹಾಡು ಶುರುವಾದಾಗ ವಯಸ್ಸಾದವರು ಕುರ್ಚಿಯಿಂದ ಎದ್ದು ನಿಂತರು. ನನ್ನ ಕೈ ತಾನಾಗಿ ನಡೆಯುತ್ತಿತ್ತು.

ಆ ಹಾಡಿನ ನಡುವೆ ಫಟ್ ಎಂದು ಕರೆಂಟು ಹೋಯಿತು. ಮೈಕು, ಕೀಬೋರ್ಡು, ಗಿಟಾರಿನ ಆಂಪ್ಲಿಫೈಯರು, ಎಲ್ಲ ಒಟ್ಟಿಗೆ ಸತ್ತವು. ಹೊರಗೆ ತಂತಿಗಳು ಐಸಿನ ಭಾರಕ್ಕೆ ಹರಿದಿದ್ದವು. ಪರದೆ ಎಳೆದಿದ್ದರಿಂದ ಹಾಲಿನಲ್ಲಿ ಮಬ್ಬುಗತ್ತಲೆ. ನನ್ನ ಕಾಂಗೊ ಮಾತ್ರ ಒಂದೆರಡು ಏಟು ಮುಂದೆ ಹೋಗಿ ನಿಂತಿತು. ಕತ್ತಲಲ್ಲಿ ಯಾರೋ ಒಂದು ಮಾತು ಹೇಳಿದರು, ಇಡೀ ಹಾಲು ಬಿದ್ದುಬಿದ್ದು ನಕ್ಕಿತು. ಈಗ ಊರಿಗೆ ಬಂದ ಹಾಗಾಯಿತು ಎಂದಿದ್ದಂತೆ.

ಸಯಾ ಎಲೆಕ್ಟ್ರಿಕ್ ಗಿಟಾರನ್ನು ಕೆಳಗಿಟ್ಟು, ವಿದ್ಯಾರ್ಥಿಯೊಬ್ಬನ ಮರದ ಗಿಟಾರು ತೆಗೆದುಕೊಂಡು ಸ್ಟೇಜಿನ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂತರು. ನನ್ನತ್ತ ತಿರುಗಿ ಬೆರಳಿನಲ್ಲಿ ಲಯ ತೋರಿಸಿದರು. ನಮ್ಮ ಕಡೆಯ ಭಜನೆಯ ಹಾಗೆ ಸರಳವಾದ ನಡೆ. ನುಡಿಸತೊಡಗಿದರು. ನಾನು ಆ ಹಾಡನ್ನು ಹಿಂದೆ ಕೇಳಿರಲಿಲ್ಲ, ಆದರೆ ಜನರ ಮುಖ ನೋಡಿದ ಕೂಡಲೆ ಯಾವುದೆಂದು ತಿಳಿಯಿತು. ಅವರು ರೂಢಿಯಂತೆ ಬಾಯಿ ಮುಚ್ಚಿಕೊಂಡೇ ಇದ್ದರು. ಜನ ಹಾಡಿದರು. ಅಜ್ಜಂದಿರು, ಅಡುಗೆಯವರು, ಬಟ್ಟಲು ಹಿಡಿದಿದ್ದ ಹುಡುಗಿಯರು. ಕಿರಿಯರಿಗೂ ಅದು ಹೇಗೆ ಗೊತ್ತಿತ್ತೋ. ಒಂದು ನುಡಿ ಮುಗಿಯಿತು. ಎರಡನೆಯದಕ್ಕೆ ಸಯಾ ತಲೆಯೆತ್ತಿ, ಮುಂದಿನ ಸಾಲಿನಲ್ಲಿದ್ದ ಹೆಂಡತಿಯನ್ನು ನೋಡಿ, ತಾವೇ ಹಾಡಿದರು. ಜನ ಒಬ್ಬೊಬ್ಬರಾಗಿ ಸುಮ್ಮನಾದರು. ಅಷ್ಟು ವರ್ಷಗಳಲ್ಲಿ ತುಂಬಿದ ಸಭೆಯೆದುರು ಆ ಮಾತುಗಳನ್ನು ಅವರು ಹಾಡಿದ್ದು ಅದೇ ಮೊದಲು ಎಂದು ಆಕೆ ನನಗೆ ಆಮೇಲೆ ಹೇಳಿದರು. ಆಗ ಆಕೆಯ ಕೆನ್ನೆಯ ಲೇಪದಲ್ಲಿ ಎರಡು ಗೆರೆ ಮೂಡಿದ್ದವು.

ಕರೆಂಟು ಬಂದಾಗ ಹಾಲಿನವರೆಲ್ಲ ಒಂದೇ ಸಲ ಕೂಗಿದರು. ಅವರ ಊರಿನಲ್ಲಿ ಕರೆಂಟು ಬಂದರೆ ಇಡೀ ಬೀದಿಯೇ ಹಾಗೆ ಕೂಗುವುದು ವಾಡಿಕೆ. ಬೆಳಗಾವಿಯಲ್ಲೂ ಹಾಗೇ ಇತ್ತು. ನಾನೂ ಕೂಗಿದೆ, ಕನ್ನಡದಲ್ಲಿ.

ಮುಂದೆ ಆ ವಿದ್ಯಾರ್ಥಿಗಳು ಅವರನ್ನು ಒಂದು ಸಣ್ಣ ಸ್ಟುಡಿಯೊಗೆ ಕರೆದೊಯ್ದು ಹಾಡನ್ನು ರೆಕಾರ್ಡ್ ಮಾಡಿಸಿದರು. ಡ್ರಮ್ಮರ್ ಈ ಸಲ ಬಂದ, ನನಗೂ ಕಾಂಗೊ ಬಾರಿಸಲು ಕೊಟ್ಟ. 2019ರ ಆರಂಭದಲ್ಲಿ ರಂಗೂನಿನಿಂದ ಕರೆ ಬಂದು ಸಯಾ ಒಂದು ತಿಂಗಳು ಹೋಗಿಬಂದರು. ಅಲ್ಲಿ ಟೀ ಅಂಗಡಿಯಲ್ಲಿ ಕೂತಿದ್ದಾಗ ತಮ್ಮ ಹಾಡೇ ಸ್ಪೀಕರಿನಲ್ಲಿ ಬಂತಂತೆ, ಪಕ್ಕದ ಮೇಜಿನ ಹುಡುಗ ಇದು ಯಾರೋ ಹೊಸಬರದು, ಪರವಾಗಿಲ್ಲ ಎಂದನಂತೆ. ಈ ಮಾತನ್ನು ಅವರು ಸಿಕ್ಕವರಿಗೆಲ್ಲ ಹೇಳಿ ಖುಷಿಪಟ್ಟರು.

ಆ ಬೇಸಿಗೆಯಲ್ಲಿ ಪೋರ್ಟ್ ಕ್ರೆಡಿಟ್ಟಿನ ಸರೋವರದ ದಂಡೆಯಲ್ಲಿ ಒಂದು ಸಣ್ಣ ಮೇಳವಿತ್ತು, ಹುಲ್ಲಿನ ಮೇಲೊಂದು ಪುಟ್ಟ ವೇದಿಕೆ. ನಮ್ಮ ಬ್ಯಾಂಡಿಗೂ ಅವಕಾಶ ಸಿಕ್ಕಿತ್ತು. ನಮ್ಮ ಸರದಿ ಮುಗಿದ ಮೇಲೆ ಮುಂದಿನವರು ಇನ್ನೂ ಬಂದಿರಲಿಲ್ಲ. ಆಯೋಜಕರು ಇನ್ನೊಂದು ಹಾಡು ಹೇಳಿ ಎಂದರು. ಸಯಾ ನನ್ನ ಹೆಂಡತಿಯತ್ತ ಕೈ ಮಾಡಿ, ಪ್ರಾಕ್ಟೀಸಿಗೆ ಚಹಾ ಕೊಡಲು ಬಂದಾಗೆಲ್ಲ ಇವರು ಏನೋ ಗುನುಗುತ್ತಿರುತ್ತಾರೆ, ಅದನ್ನೇ ಹಾಡಲಿ ಎಂದರು. ಅವಳು ಒಲ್ಲೆ ಒಲ್ಲೆ ಎನ್ನುತ್ತಲೇ ಮೇಲೆ ಬಂದಳು. ಹಾಡಿದ್ದು ಅವಳ ಅಜ್ಜಿ ಜೋಳ ಬೀಸುವಾಗ ಹಾಡುತ್ತಿದ್ದ ಪದ. ಸಯಾ ಕಣ್ಣು ಮುಚ್ಚಿ ಒಂದು ಸಾಲು ಕೇಳಿ, ಎರಡನೇ ಸಾಲಿಗೆ ಗಿಟಾರಿನಲ್ಲಿ ಅದರ ದಾರಿ ಹಿಡಿದರು. ಡ್ರಮ್ಮರ್ ಬೀಸುಕಲ್ಲಿನ ಹಾಗೆ ಡ್ರಮ್ಮಿನ ಮೇಲೆ ತಂತಿಯ ಬ್ರಷ್ಷನ್ನು ಸುತ್ತಿಸಿದ. ನಾಯಿ ಕರೆದುಕೊಂಡು ಹೋಗುತ್ತಿದ್ದವರು, ದೋಣಿಗೆ ಸಾಮಾನು ತುಂಬುತ್ತಿದ್ದವರು ನಿಂತು ಕೇಳಿದರು. ನನಗಂತೂ ಕಾಂಗೊ ಬಾರಿಸುವುದೇ ಮರೆತುಹೋಗಿತ್ತು.

ಆಮೇಲೆ ಎಲ್ಲರೂ ನೀರಿನ ಪಕ್ಕದ ಮೇಜಿನ ಸುತ್ತ ಕೂತು ಕರಿದ ಮೀನು, ಆಲೂಗಡ್ಡೆ ತಿನ್ನುತ್ತಿದ್ದೆವು. ಮಗಳು ಅಮ್ಮನನ್ನೇ ನೋಡುತ್ತಿದ್ದಳು. ಇಷ್ಟು ಚೆನ್ನಾಗಿ ಹಾಡುತ್ತೀ ಎಂದು ನನಗೆ ಯಾಕೆ ಹೇಳಲೇ ಇಲ್ಲ ಎಂದು ಇಂಗ್ಲಿಷಿನಲ್ಲಿ ಕೇಳಿದಳು.

ಹೆಂಡತಿ ಆಲೂಗಡ್ಡೆಗೆ ಉಪ್ಪು ಉದುರಿಸಿಕೊಳ್ಳುತ್ತ, "ನೀ ಎಂದರ ಕೇಳಿದ್ದೇನ?" ಎಂದಳು.